ಎಣಿಕೆಗೆ ಸಿಗುವ ಹಕ್ಕಿ, ಸಿಗದ ಪ್ರಾಣಿ

ಮಣಿಪಾಲದ ಹೂತೋಟಗಳಲ್ಲಿ ಮುಂಜಾನೆ ಸ್ವಲ್ಪ ಹೊತ್ತು ನಿಂತವರಿಗೆ ಸೂರಕ್ಕಿಯ ಪರಿಚಯ ಆಗಿಯೇ ಇರುತ್ತದೆ. ಕಾರ್ಕಳದಿಂದ ಮಾಳದ ಕಡೆಗೆ ಘಟ್ಟವೇರಿದರೆ ಅದರ ಕುಲದ ಇನ್ನೂ ಪುಟ್ಟ ಹಕ್ಕಿಯೊಂದು ಎದುರಾಗುತ್ತದೆ: ಕೆಂಪು ಬೆನ್ನಿನ ಕಿರು ಸೂರಕ್ಕಿ. ಸುಮಾರು 8 ಸೆಂ.ಮೀ. ಉದ್ದದ ಈ ಹಾಡುಹಕ್ಕಿಯ ತವರು ಪಶ್ಚಿಮ ಘಟ್ಟವೊಂದೇ.

ಇದೇ ಘಟ್ಟಕ್ಕೆ ಮೀಸಲಾದ ಇನ್ನೊಂದು ಜೀವಿ ನೀಲಗಿರಿ ಮಾರ್ಟನ್. ನೀರುನಾಯಿಯ ಬಳಗದ ಬೇಟೆಗಾರ. ಸುಮಾರು 2 ಕಿಲೋ ತೂಕ, ಕಡುಕಂದು ಮೈ, ಹಳದಿ-ಕಿತ್ತಳೆ ಕೊರಳು. ದೂರದಿಂದ ಕಂಡವರು ಕಬ್ಬೆಕ್ಕೆಂದೋ ಕೆಂದಳಿಲೆಂದೋ ಭಾವಿಸುವುದು ಸಹಜ. ಕೊಡಗಿನ ಬ್ರಹ್ಮಗಿರಿ, ತಲಕಾವೇರಿಗಳಲ್ಲಿ ಇದನ್ನು ಕಂಡ ದಾಖಲೆಗಳಿವೆ. ಉತ್ತರದಲ್ಲಿ ಚಾರ್ಮಾಡಿಯವರೆಗೂ ಅದರ ನೆಲೆಯನ್ನು ಗುರುತಿಸಲಾಗಿದೆ. ಚಾರ್ಮಾಡಿಗೂ ನಮ್ಮ ಕುದುರೆಮುಖದ ಕಾಡಿಗೂ ಬಹಳ ದೂರವಿಲ್ಲ. ಸಿಹಿಯ ಮೋಹ ಎರಡಕ್ಕೂ ಉಂಟು. ಹಕ್ಕಿ ಹೂವಿನ ಮಕರಂದ ಹೀರಿದರೆ, ಮಾರ್ಟನ್ ಜೇನುಗೂಡಿಗೇ ಕೈಹಾಕುತ್ತದೆ. ಜೇನು ಸಾಕುವವರ ಸಿಟ್ಟಿಗೆ ಅದು ಗುರಿಯಾದದ್ದೂ ಇದರಿಂದಲೇ.

ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸೂರಕ್ಕಿಯ ಬಗ್ಗೆ ಆತಂಕವಿಲ್ಲ. ಮಾರ್ಟನ್ ಅಪಾಯದ ಅಂಚಿನ ಪ್ರಾಣಿ. ಆದರೆ ರಸ್ತೆಯಂಚಿನಲ್ಲಿ ನಾಲ್ಕು ದಿನ ಓಡಾಡಿ ಸಿದ್ಧಪಡಿಸುವ ಜೀವಿಗಳ ಪಟ್ಟಿಯಲ್ಲಿ ಮೊದಲು ಸೇರುವುದು ಹಕ್ಕಿಯೇ. ಮಾರ್ಟನ್ ಸೇರುವುದಿಲ್ಲ. ಕಾಣಲಿಲ್ಲ ಎಂಬುದು ಕಡತದಲ್ಲಿ ‘ಇಲ್ಲ’ ಎಂದಾಗಿಬಿಡುತ್ತದೆ. ನಮ್ಮ ತಕರಾರು ಇರುವುದು ಇಲ್ಲಿ.

ಕಾಪು ತಾಲ್ಲೂಕಿನ ಎಲ್ಲೂರು ಉಷ್ಣವಿದ್ಯುತ್ ಸ್ಥಾವರದಿಂದ ಹಾಸನದ ಶಾಂತಿಗ್ರಾಮಕ್ಕೆ ಹೋಗುವ 400 ಕೆ.ವಿ. ತಂತಿಮಾರ್ಗ ಘಟ್ಟವನ್ನು ದಾಟಿಯೇ ಸಾಗಬೇಕು. ಇಂಥ ಮಾರ್ಗಕ್ಕೆ ಸುಮಾರು 46 ಮೀಟರ್ ಅಗಲದ ಓಣಿ ಬೇಕು. ಸೂರಕ್ಕಿ ಅದನ್ನು ಒಂದೇ ಉಸಿರಿಗೆ ದಾಟುತ್ತದೆ. ಬಿಸಿಲು ಬಿದ್ದ ಅಂಚಿನಲ್ಲಿ ಅರಳುವ ಲಂಟಾನಾ ಹೂಗಳಿಂದ ಅದಕ್ಕೆ ಲಾಭವೇ ಆದೀತು. ಕೊಂಬೆಯಿಂದ ಕೊಂಬೆಗೆ ಸಾಗುವ ಮಾರ್ಟನ್‌ಗೆ ಅದೇ ಓಣಿ ಬಟ್ಟಬಯಲು. ನೆಲಕ್ಕಿಳಿದು ಓಡಲು ಅದಕ್ಕೆ ಬಾರದೆಂದಲ್ಲ. ಆದರೆ ಇಳಿದಲ್ಲಿ ನಾಯಿಗಳಿವೆ, ಹೆದ್ದಾರಿಯಾದರೆ ವಾಹನಗಳಿವೆ. ಬಜಗೋಳಿ, ಮಾಳದ ಮೂಲಕ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಹಾದುಹೋಗುವ ಹೆದ್ದಾರಿ 169ರ ಎರಡೂ ಬದಿಯ ಮರಗಳು ಇಂದಿಗೂ ಹಲವೆಡೆ ತಲೆಯ ಮೇಲೆ ಕೈಕೈ ಹಿಡಿದಿವೆ. ರಸ್ತೆ ಅಗಲಗೊಳಿಸುವ ಮಾತು ಬಂದಾಗಲೆಲ್ಲ ಮರಗಳ ಸಂಖ್ಯೆ ಕೇಳುತ್ತೇವೆ. ಆ ಕೊಂಬೆಗಳ ಸೇತುವೆಗಳು ಎಷ್ಟೆಂದು ಕೇಳಿದವರಿಲ್ಲ.

ಆದುದರಿಂದ ಗ್ರಾಮಸ್ಥರಲ್ಲಿ, ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ. ರಸ್ತೆಯ ಮೇಲೆ ಕೊಂಬೆಗಳು ಕೂಡುವ ಜಾಗಗಳನ್ನೂ, ಪೊಟರೆಯಿರುವ ಹಳೆಯ ಮರಗಳನ್ನೂ ಗುರುತುಹಾಕಿ ನಕ್ಷೆ ಮಾಡಿರಿ. ಮಾರ್ಟನ್ ಕಂಡರೆ ಸ್ಥಳ, ದಿನ, ವೇಳೆ ಬರೆದಿಡಿರಿ. ಕೊರಳಿನ ಬಣ್ಣವನ್ನು ಮರೆಯದೆ ನಮೂದಿಸಿರಿ. ಮುಂದಿನ ಅಹವಾಲು ಸಭೆಗೆ ಆ ನಕ್ಷೆಯೊಡನೆ ಹೋಗೋಣ.