ಶುಭಂ ಇಲ್ಲದ ಚಿತ್ರಕ್ಕೆ ಟಿಕೆಟ್ ತೆಗೆಯಬಹುದೇ?

ಚಿತ್ರರಸಿಕರೇ, ಈ ಅಂಕಣದಲ್ಲಿ ವಾರವಾರವೂ ನಾನು ಮಾಡುವ ಕೆಲಸ ನಿಮಗೆ ಗೊತ್ತೇ ಇದೆ. ಹೊಸ ಚಿತ್ರ ತೆರೆ ಕಾಣುತ್ತದೆ. ಟಿಕೆಟ್ ತೆಗೆದು ನೋಡುತ್ತೇನೆ. ನಿಮ್ಮ ದುಡ್ಡಿಗೂ ನಿಮ್ಮ ಎರಡೂವರೆ ಗಂಟೆಗೂ ಅದು ತಕ್ಕುದೋ ಅಲ್ಲವೋ ಹೇಳುತ್ತೇನೆ. ಒಪ್ಪುವವರು ಒಪ್ಪುತ್ತಾರೆ, ಒಪ್ಪದವರು ಫೋನ್ ಮಾಡಿ ಬೈಯುತ್ತಾರೆ. ಈ ವಾರ ಮಾತ್ರ ಗಾಂಧಿನಗರದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬೇರೊಂದು ಪೆಟ್ಟಿಗೆ ಬಿಚ್ಚಿದ್ದೇನೆ. ಅದು ನಿಮ್ಮ ಅಂಗಿಯ ಜೇಬಿನಲ್ಲೇ ಇದೆ. ಹೌದು, ಮೊಬೈಲು!

ವಿಷಯ: ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್. ಇದನ್ನು ವೇಷ ಕಟ್ಟುವ ಆಟ ಎನ್ನಲಡ್ಡಿಯಿಲ್ಲ. ನೀವು ಒಂದು ಪಾತ್ರ ಆರಿಸಿಕೊಳ್ಳುತ್ತೀರಿ. ಯೋಧ, ಮಾಂತ್ರಿಕ, ಕಮ್ಮಾರ, ವ್ಯಾಪಾರಿ, ಯಾವುದಾದರೂ ಸರಿ. ಅದೇ ಊರಿನಲ್ಲಿ, ಅದೇ ಹೊತ್ತಿಗೆ, ಜಗತ್ತಿನ ನಾನಾ ದೇಶಗಳ ಸಾವಿರಾರು ಜನ ತಮ್ಮ ತಮ್ಮ ವೇಷದಲ್ಲಿ ಓಡಾಡುತ್ತಿರುತ್ತಾರೆ. ನೀವು ಫೋನ್ ಆರಿಸಿ ಮಲಗಿದರೂ ಆ ಊರು ಮಲಗುವುದಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಇಂಥ ಆಟಕ್ಕೆ ಬುನಾದಿ ಹಾಕಿದರು. ಆಗ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. 1997ರಲ್ಲಿ 'ಅಲ್ಟಿಮಾ ಆನ್‌ಲೈನ್', 2004ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಂದವು. ಈ ಎರಡನೆಯದಕ್ಕೆ 2010ರಲ್ಲಿ ಚಂದಾದಾರರು 1 ಕೋಟಿ 20 ಲಕ್ಷ! ಯಾವ ಸೂಪರ್ ಹಿಟ್ ಚಿತ್ರಕ್ಕೂ ಹೊಟ್ಟೆಕಿಚ್ಚು ಆಗುವಂಥ ಗಲ್ಲಾಪೆಟ್ಟಿಗೆ.

ವೇಷ ಕಟ್ಟುವುದು ನಮ್ಮ ಕಡೆಗೇನೂ ಹೊಸದಲ್ಲ ಬಿಡಿ. ನಾನು ಮಾತಾಡುತ್ತಿರುವುದು ತುಕ್ಕಾನಟ್ಟಿಯ ಬಗ್ಗೆ. ಈಗ ಮೂಡಲಗಿ ತಾಲ್ಲೂಕು, ಮೊದಲು ಗೋಕಾಕ ತಾಲ್ಲೂಕು. ಕೃಷಿ ವಿಜ್ಞಾನ ಕೇಂದ್ರದಿಂದ ರೈತರ ಬಾಯಲ್ಲಿ ಹೆಸರಾದ ಊರು. ಇದೇ ಸೀಮೆಯ ಕುಲಗೋಡ ತಮ್ಮಣ್ಣ ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ತೀಡಿ ಆಟಕ್ಕೆ ಹೊಸ ಜೀವ ಕೊಟ್ಟ. ಇದೇ ಸೀಮೆಯ ಕೌಜಲಗಿ ನಿಂಗಮ್ಮ ಪಾರಿಜಾತದಿಂದಲೇ ಹೆಸರಾದ ಕಲಾವಿದೆ. ಹಗಲೆಲ್ಲ ಹೊಲದಲ್ಲಿ ಬಗ್ಗಿ ದುಡಿದವನು ರಾತ್ರಿ ಕಿರೀಟ ಇಟ್ಟು ಕೃಷ್ಣನಾಗುತ್ತಿದ್ದ. ಅವನನ್ನು ಯಾರೂ ಕೆಟ್ಟುಹೋದ ಅನ್ನಲಿಲ್ಲ. ಹಾಗಾದರೆ ಮೊಬೈಲಿನಲ್ಲಿ ಕಿರೀಟ ಇಟ್ಟ ಹುಡುಗನಿಗೆ ಮಾತ್ರ ಬೈಗುಳ ಯಾಕೆ?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ತಂಗಿಯ ಮನೆಯಿಂದ. ಅವಳ ಮಗ ತುಕ್ಕಾನಟ್ಟಿಯಲ್ಲೇ ಹೊಲ ನೋಡಿಕೊಂಡಿದ್ದಾನೆ, ವಯಸ್ಸು ಇಪ್ಪತ್ತೊಂದು. ಕಬ್ಬು, ಒಂದಿಷ್ಟು ಅರಿಷಿಣ. ಬೋರಿಗೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರದಲ್ಲಿ ಹುಡುಗ ಮೋಟರ್ ಮನೆಯ ಹತ್ತಿರ ಒಬ್ಬನೇ ಕೂತಿರಬೇಕು. ಕೈಯಲ್ಲಿ ಬ್ಯಾಟರಿ, ಸುತ್ತ ಕಬ್ಬಿನ ಕತ್ತಲೆ, ಒಮ್ಮೊಮ್ಮೆ ಹಾವು. ಅಲ್ಲಿ ಅವನಿಗೆ ಸಂಗಾತಿಯಾದದ್ದು 'ಆಲ್ಬಿಯನ್ ಆನ್‌ಲೈನ್' ಎಂಬ ಆಟ. ಬರ್ಲಿನ್ನಿನ ಕಂಪನಿಯೊಂದು 2017ರಲ್ಲಿ ಬಿಡುಗಡೆ ಮಾಡಿದ್ದು, 2021ರಲ್ಲಿ ಮೊಬೈಲಿಗೂ ಬಂತು.

ಅವನ ಅಪ್ಪ "ಫೋನ್ ಬಾವಿಗೆ ಒಗೀತೇನಿ" ಅಂದ. ತಂಗಿ ನನಗೆ ಫೋನ್ ಹಚ್ಚಿದಳು. "ಅಣ್ಣಾ, ನೀ ಪೇಪರದಾಗ ಎಲ್ಲಾ ಸಿನಿಮಾಕ್ಕೂ ಮಾರ್ಕ್ಸ್ ಕೊಡ್ತಿ. ಇದಕ್ಕೂ ಒಮ್ಮೆ ಕೊಟ್ಟು ಬಿಡು. ಆಡೂದಾದ್ರ ಆಡ್ಲಿ, ಬಿಡೂದಾದ್ರ ಬಿಡ್ಲಿ. ಮನ್ಯಾಗ ದಿನಾ ಜಗಳ ಬ್ಯಾಡ."

ಸರಿ, ವಿಮರ್ಶಕ ಅಂದಮೇಲೆ ನೋಡದೆ ಬರೆಯುವಂತಿಲ್ಲ. ನಾಲ್ಕು ವಾರ ನಾನೂ ಆಡಿದೆ. ಈ ವಯಸ್ಸಿನಲ್ಲಿ ಬಿಲ್ಲು ಹಿಡಿದು ಕಾಡು ಸುತ್ತಿದೆ. ಮರ ಕಡಿದೆ, ಅದಿರು ತೆಗೆದೆ, ತೋಳಗಳ ಕೈಯಲ್ಲಿ ಸತ್ತೆ! ಇನ್ನು ನನ್ನ ನಾಲ್ಕು ಪರೀಕ್ಷೆ.

ಮೊದಲನೆಯದು ಟಿಕೆಟ್ ದರ. ಆಟಕ್ಕೆ ಪ್ರವೇಶ ಪುಕ್ಕಟೆ. ತಿಂಗಳ ಲೆಕ್ಕದಲ್ಲಿ 'ಪ್ರೀಮಿಯಂ' ಎಂಬ ಬಾಲ್ಕನಿ ಸೀಟು ಇದೆ. ಅದನ್ನು ಕೊಂಡವನಿಗೆ ಕಲಿಕೆ ಬೇಗ, ಗಳಿಕೆ ಹೆಚ್ಚು, ಸಂತೆಯಲ್ಲಿ ತೆರಿಗೆ ಕಡಿಮೆ. ಸಾಕಷ್ಟು ದುಡಿದರೆ ಆಟದೊಳಗಿನ ಬೆಳ್ಳಿಯಿಂದಲೇ ಅದನ್ನು ಕೊಳ್ಳಬಹುದು. ತಾಳ್ಮೆ ಇಲ್ಲದವನು ನಿಜವಾದ ರೂಪಾಯಿ ತೆಗೆಯುತ್ತಾನೆ. ಇಲ್ಲಿ ಎಚ್ಚರಿಕೆ ಬೇಕಾದ ಇನ್ನೊಂದು ಸಂಗತಿ: "ಬೆಳ್ಳಿ ಮಾರಿ ರೊಕ್ಕ ಮಾಡಬಹುದಂತರಿ ಮಾಮಾ" ಎಂದು ಹುಡುಗನಿಗೆ ಯಾರೋ ಕಿವಿಯೂದಿದ್ದರು. ಆಟದ ನಿಯಮ ಅದಕ್ಕೆ ಒಪ್ಪುವುದಿಲ್ಲ, ಸಿಕ್ಕಿಬಿದ್ದರೆ ಖಾತೆಯೇ ಹೋಗುತ್ತದೆ. ಇನ್ನು ರೊಕ್ಕ ಕಟ್ಟಿ ರೊಕ್ಕ ಗೆಲ್ಲುವ ರಮ್ಮಿ ಗಿಮ್ಮಿ ಆಟಗಳ ಜಾತಿಯೇ ಬೇರೆ. ಅವುಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಕಲಮುಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಅಂಥ ಹಣದಾಟಗಳ ನಿಷೇಧ ಕಾಯಿದೆ ಅಂಗೀಕರಿಸಿತು. ಚಂದಾ ಕೊಟ್ಟು ಬರೀ ಮೋಜಿಗೆ ಆಡುವುದು ಆ ಸಾಲಿಗೆ ಸೇರುವುದಿಲ್ಲ. ಮನೆಯ ಹಿರಿಯರು ಎರಡನ್ನೂ ಒಂದೇ ಕೋಲಿನಿಂದ ಹೊಡೆಯಬಾರದು.

ಎರಡನೆಯದು ಕಥೆ. ಕಥೆಗೆ ನಾನು ಹೆಚ್ಚು ಅಂಕ ಕೊಡಲಾರೆ. ಸಂಭಾಷಣೆ ಸಪ್ಪೆ, ಪಾತ್ರಗಳಿಗೆ ಹೃದಯವಿಲ್ಲ. ಕಥೆ ಹುಟ್ಟುವುದೇ ಆಡುವವರ ನಡುವೆ. ಮಜಾ ಏನೆಂದರೆ ಆಟದಲ್ಲಿ ಹೊಲವೂ ಉಂಟು! ಗಜ್ಜರಿ ಬಿತ್ತಿದರೆ ಒಂದು ದಿನದೊಳಗೆ ಕೀಳಬಹುದು. ಮಳೆ ಕೈಕೊಡುವುದಿಲ್ಲ, ದಲ್ಲಾಳಿ ಕಾಟವಿಲ್ಲ. ನಮ್ಮ ಹುಡುಗನ ಅರಿಷಿಣಕ್ಕೆ ಎಂಟೊಂಬತ್ತು ತಿಂಗಳು, ಕಬ್ಬಿಗೆ ವರ್ಷ. 1972ರಲ್ಲಿ 'ಬಂಗಾರದ ಮನುಷ್ಯ' ನೋಡಿ ಪಟ್ಟಣದಿಂದ ಹೊಲಕ್ಕೆ ಮರಳಿದವರ ಕಥೆ ನಾವು ಕೇಳಿದ್ದೇವೆ. ನಿಜವಾದ ಹೊಲದ ಬದುವಿನಲ್ಲಿ ಕೂತು ಸುಳ್ಳು ಹೊಲಕ್ಕೆ ಬೀಜ ಹಾಕುವವನನ್ನು ನೋಡಿದ್ದು ಇದೇ ಮೊದಲು. ನಾನು ನಕ್ಕೆ. ಅವನು ನಗಲಿಲ್ಲ. "ಮಾಮಾ, ಇಲ್ಲಿ ಹಾಕಿದ್ದು ಬರತೈತೋ ಇಲ್ಲೋ ಗೊತ್ತಿಲ್ಲ. ಅಲ್ಲಿ ಹಾಕಿದ್ದು ಬಂದ ಬರತೈತಿ. ದಿನಕ್ಕ ಒಂದರ ಖಾತ್ರಿ ಇರ್ಲಿ ಅನಸ್ತೈತಿ." ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯದು ಸಹವಾಸ. ಇಲ್ಲಿ ಆಟಕ್ಕೆ ಫಸ್ಟ್ ಕ್ಲಾಸು. ಬಾರ್ಟಲ್ ಮಹಾಶಯರೇ 1996ರಲ್ಲಿ ಇಂಥ ಆಟಗಾರರನ್ನು ನಾಲ್ಕು ಜಾತಿಯಾಗಿ ವಿಂಗಡಿಸಿದ್ದಾರೆ: ಗೆದ್ದು ಕೂಡಿಡುವವರು, ಮೂಲೆ ಮೂಲೆ ಸುತ್ತಿ ನೋಡುವವರು, ಜನರ ಜತೆ ಬೆರೆಯಲು ಬಂದವರು, ಇನ್ನೊಬ್ಬರನ್ನು ಬಡಿಯಲು ಬಂದವರು. ನಮ್ಮ ಹುಡುಗ ಮೂರನೆಯ ಜಾತಿ. ಬೆಳಗಾವಿಯ ಅಂಗಡಿಯಲ್ಲಿ ಬಾಯಿ ಬಿಡಲು ನಾಚುವವನು ಕೇರಳದವರ ಜತೆ, ಇಂಡೋನೇಷ್ಯಾದವರ ಜತೆ ತಪ್ಪುತಡೆ ಇಂಗ್ಲಿಷಿನಲ್ಲಿ ವ್ಯಾಪಾರ ಕುದುರಿಸುತ್ತಾನೆ! ಇದು ಸಣ್ಣ ಲಾಭವಲ್ಲ.

ಅಂದ ಹಾಗೆ, ಈ ಮಾತಿಗೆ ಸಾಕ್ಷಿಯಾಗಿ ಒಂದು ಚಿತ್ರವೇ ಇದೆ. 2024ರಲ್ಲಿ ಬಂದ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್', ನಿರ್ದೇಶಕ ಬೆಂಜಮಿನ್ ರೀ, ನಾರ್ವೆ ದೇಶದ ಸತ್ಯಕಥೆ. ಮಾಟ್ಸ್ ಸ್ಟೀನ್ ಎಂಬ ಹುಡುಗನಿಗೆ ಸ್ನಾಯುಗಳು ಕ್ಷೀಣಿಸುವ ಡುಶೆನ್ ರೋಗ. ಗಾಲಿಕುರ್ಚಿಯಲ್ಲಿ ಕೂತು ವರ್ಷಾನುಗಟ್ಟಲೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡಿದ. 2014ರಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡ. ಮಗ ಗೆಳೆಯರಿಲ್ಲದೆ ಒಂಟಿಯಾಗಿ ಹೋದನಲ್ಲ ಎಂದು ತಂದೆತಾಯಿ ಅಳುತ್ತಿದ್ದರು. ಸಾವಿನ ಸುದ್ದಿ ತಿಳಿಸಿದ್ದೇ ತಡ, ಗೊತ್ತೇ ಇರದ ದೇಶಗಳಿಂದ ಕಾಗದಗಳ ಮೇಲೆ ಕಾಗದ! ಆಟದಲ್ಲಿ ಅವನ ಹೆಸರು ಇಬೆಲಿನ್. ಯಾರದೋ ದುಃಖ ಕೇಳಿದ್ದ, ಯಾರಿಗೋ ಧೈರ್ಯ ಹೇಳಿದ್ದ. ಅಂತ್ಯಕ್ರಿಯೆಗೆ ಬೇರೆ ದೇಶಗಳಿಂದಲೂ ಗೆಳೆಯರು ಬಂದರು. ಕರ್ಚೀಫು ಒದ್ದೆಯಾಗದೆ ಈ ಚಿತ್ರ ನೋಡುವುದು ಕಷ್ಟ. ಆಟವೆಲ್ಲ ಹೊತ್ತುಗಳೆಯುವ ಹಾಳು ಚಟ ಎನ್ನುವವರು ಒಮ್ಮೆ ನೋಡಬೇಕು.

ಆದರೆ ಮಾಟ್ಸ್‌ಗೆ ಹೊರಗಿನ ಬಾಗಿಲುಗಳನ್ನು ರೋಗ ಒಂದೊಂದಾಗಿ ಮುಚ್ಚಿತ್ತು. ನಮ್ಮ ಹುಡುಗನಿಗೆ ಬಾಗಿಲು ತೆರೆದೇ ಇವೆ. ಅದಕ್ಕೇ ನಾಲ್ಕನೆಯ ಪರೀಕ್ಷೆ ಬಹಳ ಮುಖ್ಯ: ವೇಳೆ.

ಚಿತ್ರಕ್ಕೆ ಕೊನೆಯಲ್ಲಿ ಶುಭಂ ಬೀಳುತ್ತದೆ. ಪಾರಿಜಾತ ರಾತ್ರಿಯಿಡೀ ನಡೆದರೂ ಬೆಳಗಿಗೆ ಮಂಗಳ ಹಾಡಿ ಬಣ್ಣ ತೊಳೆಯುತ್ತಾರೆ. ಕೃಷ್ಣನಾದವನು ಮತ್ತೆ ಹೊಲಕ್ಕೆ ಹೋಗುತ್ತಾನೆ. ಈ ಆಟಕ್ಕೆ ಶುಭಂ ಎಂಬುದೇ ಇಲ್ಲ. ಒಂದು ಮೆಟ್ಟಿಲು ಹತ್ತಿದರೆ ಇನ್ನೊಂದು. ಬಿಡದಂತೆ ಹಿಡಿಯುವುದಕ್ಕೆಂದೇ ಕಟ್ಟಿದ ಮೆಟ್ಟಿಲು ಅವು. ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲ ಕೆಲಸ ಹಿಂದೆ ಬಿದ್ದು, ಕೆಡುಕು ಕಂಡರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೇ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಚೀನಾ ಸರ್ಕಾರವಂತೂ 2021ರಲ್ಲಿ ಹದಿನೆಂಟರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು, ಅಷ್ಟೇ ಎಂದು ಗೆರೆ ಎಳೆಯಿತು.

ನಮ್ಮ ಹುಡುಗನ ನಿಜವಾದ ತಾಪತ್ರಯವೂ ಇಲ್ಲೇ ಇತ್ತು. ದೊಡ್ಡ ಗಿಲ್ಡ್ ಒಂದು, ಅಂದರೆ ಆಟಗಾರರ ತಂಡ, ಅವನನ್ನು ಸೇರಿಸಿಕೊಳ್ಳಲು ಮುಂದೆ ಬಂದಿತ್ತು. ಷರತ್ತು ಏನಪ್ಪಾ ಎಂದರೆ ದಿನಾಲೂ ರಾತ್ರಿ ಒಂಬತ್ತರಿಂದ ಹನ್ನೊಂದು ಹಾಜರಿ ಕಡ್ಡಾಯ! ತಪ್ಪಿದರೆ ಹೆಸರು ಹೊಡೆದು ಹಾಕುತ್ತಾರೆ. ರಾತ್ರಿ ಪಾಳಿಯ ವಾರದಲ್ಲಿ ಕರೆಂಟು ಬರುವ ಹೊತ್ತೂ ಅದೇ. ಯುದ್ಧದ ನಡುವೆ ಎದ್ದು ಸಾಲಿಗೆ ನೀರು ತಿರುವಲಾದೀತೇ? ತಿರುವದಿದ್ದರೆ ಒಂದು ಕಡೆ ನೀರು ನಿಂತು ಕೊಳೆ, ಇನ್ನೊಂದು ಕಡೆ ಒಣ. ಅಪ್ಪನ ಸಿಟ್ಟಿಗೆ ಕಾರಣ ಆಟವಲ್ಲ, ಹೀಗೆ ಒಣಗಿದ ನಾಲ್ಕು ಸಾಲು ಅರಿಷಿಣ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ತೀರ್ಪಿನ ದಾರಿ ನನಗೆ ಸಿಕ್ಕಿದ್ದು ಆಟದ ಒಳಗೇ. ಆಲ್ಬಿಯನ್ನಿನಲ್ಲಿ ನೀಲಿ ಸೀಮೆ, ಹಳದಿ ಸೀಮೆ, ಕೆಂಪು ಸೀಮೆ, ಕರಿ ಸೀಮೆ ಎಂದಿವೆ. ಕೆಂಪು, ಕರಿಯಲ್ಲಿ ಇನ್ನೊಬ್ಬನ ಕೈಯಲ್ಲಿ ಸತ್ತರೆ ಉಟ್ಟದ್ದು ತೊಟ್ಟದ್ದು, ಹೊತ್ತ ಚೀಲ ಎಲ್ಲ ಹೋಯಿತು. ಅದಕ್ಕೇ ಹಳೆಯ ಆಟಗಾರರು ಹೊಸಬರಿಗೆ ಮೊದಲು ಕಲಿಸುವ ಪಾಠ, ಕಳಕೊಂಡರೆ ತಾಳಿಕೊಳ್ಳುವಷ್ಟನ್ನೇ ಉಟ್ಟು ಆ ಸೀಮೆಗೆ ಕಾಲಿಡು. ನಾನು ಹುಡುಗನಿಗೆ ಕೇಳಿದೆ:

"ನೀ ಕರಿ ಸೀಮಿಗೆ ಹೋಗುವಾಗ ಭಾರೀ ಬೆಲೆಯ ಕತ್ತಿ ಒಯ್ತಿಯೇನು?"

"ಹುಚ್ಚೇನ್ರಿ ಮಾಮಾ! ಮನ್ಯಾಗ ಇಟ್ಟು ಹೋಗ್ತೇನಿ."

"ಹಂಗಾದ್ರ ದಿನಾ ರಾತ್ರಿ ಆಟಕ್ಕ ಹೋಗುವಾಗ ಏನು ಹೊತ್ತುಕೊಂಡು ಹೋಗ್ತಿ, ಹೇಳು ನೋಡೂಣು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೀರಿನ ಪಾಳಿರಿ. ನಿದ್ದಿ. ಅಪ್ಪನ ಮಾತು," ಅಂದ.

ಇನ್ನು ನನ್ನ ತೀರ್ಪು. ಆಡಬಹುದು. ಪುಕ್ಕಟೆ ಸೀಟಿನಲ್ಲಿ ಒಂದು ತಿಂಗಳು ಆಡಿ ನೋಡದೆ ರೂಪಾಯಿ ಬಿಚ್ಚಬಾರದು. ಹಾಜರಿ ಕೇಳುವ ತಂಡಕ್ಕೆ ದೂರದಿಂದಲೇ ನಮಸ್ಕಾರ. ಸಂಬಳವಿಲ್ಲದ ನೌಕರಿ ಅದು. ನೀರು, ನಿದ್ದೆ, ಪರೀಕ್ಷೆ, ಸಾಲದ ಕಂತು, ಇವು ನಾಲ್ಕನ್ನು ಮನೆಯಲ್ಲಿಟ್ಟೇ ಆಟಕ್ಕೆ ಇಳಿಯಬೇಕು. ಆಟ ಶುಭಂ ಹಾಕುವುದಿಲ್ಲವಾದ್ದರಿಂದ ಅಲಾರಾಂ ಇಟ್ಟು ನೀವೇ ಹಾಕಿಕೊಳ್ಳಬೇಕು. ವಾರದಲ್ಲಿ ಎರಡು ದಿನ ಆಡದೆ ಇರಲು ಆಗುತ್ತದೆಯೇ ನೋಡಿ. ಆದರೆ ಮುಂದುವರಿಸಿ. ಆಗದಿದ್ದರೆ ನನ್ನ ಅಂಕಣ ಸಾಲದು, ವೈದ್ಯರಲ್ಲಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 'ಶಟ್' ಎಂಬ ಕ್ಲಿನಿಕ್ 2014ರಿಂದ ಇದೆ.

ಹುಡುಗ ದೊಡ್ಡ ತಂಡಕ್ಕೆ ತನ್ನ ಕರೆಂಟಿನ ಪಾಳಿ ವಿವರಿಸಿ ಬರೆದ. ಅವರು ಹೆಸರು ತೆಗೆದುಹಾಕಿದರು. ಎರಡು ದಿನ ಮುಖ ಸಣ್ಣದಾಗಿತ್ತಂತೆ. ಈಗ ಎಂಟು ಮಂದಿಯ ಸಣ್ಣ ತಂಡದಲ್ಲಿದ್ದಾನೆ, ಬಂದಾಗ ಬಾ ಅನ್ನುವವರು. ಅಪ್ಪ ಇನ್ನೂ ಗೊಣಗುತ್ತಾನೆ, ಆದರೆ ಬಾವಿಯ ಮಾತು ಎತ್ತುತ್ತಿಲ್ಲ. ಅರಿಷಿಣದ ನಾಲ್ಕು ಸಾಲು ಚೇತರಿಸಿಕೊಂಡಾವೋ ಇಲ್ಲವೋ, ಕಿತ್ತಾಗ ಗೊತ್ತಾಗುತ್ತದೆ.

ನಾನು? ಫೋನಿನಿಂದ ಆಟ ತೆಗೆದುಬಿಟ್ಟೆ. ಬರುವ ಶುಕ್ರವಾರ ಮೂರು ಕನ್ನಡ ಚಿತ್ರಗಳು ಒಟ್ಟಿಗೆ ಬಿಡುಗಡೆ, ತೋಳಗಳ ಕೈಯಲ್ಲಿ ಸಾಯಲು ಪುರಸೊತ್ತಿಲ್ಲ. ಮುಂದಿನ ವಾರ ಮತ್ತೆ ಬೆಳ್ಳಿತೆರೆಯ ಮುಂದೆ ಭೇಟಿಯಾಗೋಣ. ಏನಂತೀರಿ?