ಗಿರಾಕಿ ದೇವರಾದರೆ ನಾವು ಯಾರು?

ಹಾಸ್ಟೆಲಿನ ನಮ್ಮಲ್ಲಿ ಬಹಳ ಜನ ಈಗ ಅಂಗಡಿ ಕೆಲಸಕ್ಕೆ ಹೋಗುತ್ತಿದ್ದೇವೆ. ಕಾಲೇಜು ಮುಗಿಸಿ ಸಂಜೆ ಹೊತ್ತು, ಭಾನುವಾರ, ದಸರಾ ದೀಪಾವಳಿ ಸೀಸನ್ನಿನಲ್ಲಿ ಇಡೀ ದಿನ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಮಾಲಿನ ಬಿಲ್ಲಿಂಗು. ಮೆಸ್ಸಿನಲ್ಲಿ ಊಟ ಸಿಕ್ಕರೂ ಪರೀಕ್ಷೆ ಫೀಜು, ಬಸ್ ಚಾರ್ಜು, ಊರಿಗೆ ಕಳಿಸೋ ನಾಲ್ಕು ಕಾಸು ಎಲ್ಲಿಂದ ಬರಬೇಕು? ರಾತ್ರಿ ವಾಪಸ್ ಬಂದಾಗ ರೂಮುಗಳಲ್ಲಿ ಕಾಲುನೋವಿಗಿಂತ ಹೆಚ್ಚು ಕೇಳಿಬರುವುದು ಗಿರಾಕಿಗಳ ಮಾತು. ಒಬ್ಬ 'ಏಯ್' ಅಂದ, ಇನ್ನೊಬ್ಬ ನೋಟು ಎಸೆದ, ಮತ್ತೊಬ್ಬಳು ಇಪ್ಪತ್ತು ಸೀರೆ ಬಿಚ್ಚಿಸಿ 'ಇವನಿಗೇನು ಗೊತ್ತು' ಅಂದು ಎದ್ದುಹೋದಳು. ಮಾಲೀಕನನ್ನು ಕೇಳಿದರೆ ಅವನ ಹತ್ತಿರ ಇರೋದು ಒಂದೇ ಉತ್ತರ: ಗಿರಾಕಿ ದೇವರು ಕಣಯ್ಯ, ನಗ್ತಾ ಇರು.

ನಮ್ಮ ಅಜ್ಜಅಜ್ಜಿಯರೂ ಗಿರಾಕಿಗಳೇ ಆಗಿದ್ದರು. ಅಂಗಡಿ ಜಗಲಿಯ ಕೆಳಗೆ ನಿಂತು, ಕಾಸನ್ನು ದೂರದಲ್ಲಿಟ್ಟು, ಮಡಿಲೊಡ್ಡಿ ಉಪ್ಪು ಮೆಣಸಿನಕಾಯಿಯನ್ನು ಮೇಲಿನಿಂದ ಹಾಕಿಸಿಕೊಂಡವರು. ಅವರನ್ನು ಯಾವ ಶೆಟ್ಟರೂ ದೇವರು ಅನ್ನಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ 'ಅಂಗಡಿ' ಎಂಬ ಪದವನ್ನೇ ಬರೆಯಬೇಕಾಯಿತು. ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲ್ಲುಗಳಿಂದ ದೂರ ಇಡಕೂಡದು ಎಂದು. ಅದೂ ಸಾಲದೆ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಅಂಗಡಿಯೊಳಗೆ ಕಾಲಿಡುವ ಹಕ್ಕು ಹೀಗೆ ಬಂದದ್ದು. ಈಗ ಅದೇ ಅಂಗಡಿಯಲ್ಲಿ ನಾವು ಕೌಂಟರಿನ ಒಳಬದಿಗೆ ನಿಂತಿದ್ದೇವೆ.

ಎಲ್ಲ ಒರಟು ಗಿರಾಕಿಯೂ ಜಾತಿವಾದಿ ಅಂತ ನಾವು ಹೇಳುತ್ತಿಲ್ಲ. ಅರ್ಧ ಗಂಟೆ ಕ್ಯೂನಲ್ಲಿ ನಿಂತು, ಕೈಯಲ್ಲಿ ಮಗು ಹಿಡಿದವಳು ರೇಗಿದರೆ ಅವಳ ತಪ್ಪೇನು? ನಾಲ್ಕು ಕೌಂಟರ್ ಕಟ್ಟಿಸಿ ಎರಡಕ್ಕೇ ಜನ ಹಾಕಿದವನು ಒಳಗೆ ಏಸಿ ರೂಮಿನಲ್ಲಿದ್ದಾನೆ. ಚೀಟಿಯಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು ರೇಟು ಬಂದರೂ ಹಾಗೆಯೇ. ಅಂಥವರ ಮುಂದೆ ದನಿ ತಗ್ಗಿಸಿ, 'ಅಮ್ಮಾ, ಎರಡು ನಿಮಿಷ, ಸರಿ ಮಾಡಿಕೊಡ್ತೀನಿ' ಅಂದರೆ ನಮ್ಮದೇನೂ ಹೋಗುವುದಿಲ್ಲ. ಅವರೂ ದುಡಿದು ತಿನ್ನುವವರು. ತಿರುಗಿ ಬೈದು ಕೆಲಸ ಕಳಕೊಳ್ಳುವುದನ್ನು ನಾವು ಕ್ರಾಂತಿ ಅನ್ನುವುದಿಲ್ಲ.

ಆದರೆ ಚಪ್ಪಲಿ ಅಂಗಡಿಗೆ ಬನ್ನಿ. ಅಲ್ಲಿ ಕೆಲಸ ಮಾಡುವವನು ಗಿರಾಕಿಯ ಕಾಲಬುಡದಲ್ಲಿ ಕೂರಬೇಕು. ಪೆಟ್ಟಿಗೆ ಬಿಚ್ಚಬೇಕು, ಕಾಲು ಹಿಡಿದು ಶೂ ಹಾಕಬೇಕು, ಲೇಸು ಕಟ್ಟಬೇಕು. ಕೆಲಸದಲ್ಲಿ ಅವಮಾನವಿಲ್ಲ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಉಳಿ, ರಂಪಿಗೆ ಹಿಡಿದ ಕೈಗಳೇ ಊಟ ಹಾಕಿವೆ. ಅವಮಾನ ಬರುವುದು ಬೇರೆ ದಾರಿಯಲ್ಲಿ. ನಮ್ಮ ಹುಡುಗನೊಬ್ಬನನ್ನು ಒಬ್ಬ ಗಿರಾಕಿ ಸಮಾಧಾನವಾಗಿಯೇ ಕೇಳಿದ: ಯಾವೂರು? ಊರೊಳಗೋ, ಹೊರಗೋ? ಅಪ್ಪ ಏನು ಮಾಡ್ತಾನೆ? ಉತ್ತರ ಕೇಳಿ 'ಹಂಗಾದ್ರೆ ಮನೆ ಕಸುಬೇ ಅನ್ನು' ಎಂದು ನಕ್ಕು, ಒಪ್ಪದ ಚಪ್ಪಲಿಯನ್ನು ಕಾಲಿನಿಂದಲೇ ಅವನ ಮಡಿಲಿಗೆ ತಳ್ಳಿದ. ಹುಡುಗ ಎದ್ದು ನಿಂತು, 'ಸಾರ್, ಕೈಯಲ್ಲಿ ಕೊಡಿ' ಅಂದ. ಅಷ್ಟೇ ಅಂದದ್ದು. ಮಾಲೀಕ ಗಿರಾಕಿಯ ಕ್ಷಮೆ ಕೇಳಿದ, ಹುಡುಗನ ಆ ದಿನದ ಕೂಲಿ ಹಿಡಿದ.

ಆ ಗಿರಾಕಿ ಒಂದು ಕೆಟ್ಟ ಪದವನ್ನೂ ಆಡಲಿಲ್ಲ ನೋಡಿ. ಪೇಟೆಯ ಜಾತಿ ಹೀಗೇ ಇರುತ್ತೆ, ಸೆಂಟು ಹಾಕ್ಕೊಂಡು ಬರುತ್ತೆ. 'ಕೈಯಲ್ಲಿ ಕೊಡಿ' ಅಂದ ಹುಡುಗನದೇ ಸರಿಯಾದ ನಡೆ ಎಂದು ನಮ್ಮ ಅಭಿಪ್ರಾಯ. ಅವನು ಕೂಗಲಿಲ್ಲ, ನಗಲೂ ಇಲ್ಲ. ಪಕ್ಕದಲ್ಲಿದ್ದ ನಾಲ್ಕು ಜನ ಕೆಲಸದವರು ತಲೆ ತಗ್ಗಿಸಿ ಪೆಟ್ಟಿಗೆ ಜೋಡಿಸುತ್ತಾ ಇದ್ದರಲ್ಲ, ನಮಗೆ ಹೆಚ್ಚು ನೋವಾಗಿದ್ದು ಅದರಿಂದ.

ಜಾತಿ ಹೆಸರು ಹಿಡಿದೇ ಬೈದರೆ ದಾರಿ ಬೇರೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು. ಅದರ 3(1)(ಎಸ್) ಪ್ರಕಾರ, ಪರಿಶಿಷ್ಟ ಜಾತಿ ಪಂಗಡಕ್ಕೆ ಸೇರದವನು ನಮ್ಮನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರಿನಿಂದ ಬೈದರೆ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು. ಗಿರಾಕಿಗಳು ತುಂಬಿದ ಅಂಗಡಿ ಅಂಥ ಜಾಗವೇ. ಆದರೆ ಕೇಸು ನಿಲ್ಲುವುದು ಸಾಕ್ಷಿಯ ಮೇಲೆ. ಆಡಿದ ಮಾತು, ಹೊತ್ತು, ಅಲ್ಲಿದ್ದವರು ಯಾರು ಎಂಬುದನ್ನು ಅವತ್ತೇ ಬರೆದಿಡಿ. ಅಂಗಡಿಯ ಕ್ಯಾಮರಾದಲ್ಲಿ ಇರುವುದನ್ನು ಅಳಿಸುವ ಮೊದಲೇ ಪೊಲೀಸರು ತೆಗೆದುಕೊಳ್ಳಬೇಕೆಂದು ದೂರಿನಲ್ಲೇ ಕೇಳಿ. ಚಿಲ್ಲರೆ ಜಗಳಕ್ಕೆಲ್ಲ ಈ ಕಾಯ್ದೆ ಎಳೆಯಬೇಡಿ. ಅದರ ಅಲಗು ಮೊಂಡಾಗಲಿ ಎಂದು ಕಾಯುವವರು ಬೇಕಾದಷ್ಟು ಇದ್ದಾರೆ.

ಇನ್ನು ಮಾಲೀಕನ ಮಾತು. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಹೆಣ್ಣುಮಕ್ಕಳಿಗೆ ಕೆಲಸದ ಹೊತ್ತಿನಲ್ಲಿ ಕೂರಲು ಬಿಡುತ್ತಿರಲಿಲ್ಲ, ಮೂತ್ರಕ್ಕೆ ಹೋಗಲು ಜಾಗ ಇರಲಿಲ್ಲ. ಅವರು 'ಪೆಣ್‌ಕೂಟ್ಟು' ಅಂತ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಟ್ಟು ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಒಂದು ಸ್ಟೂಲಿಗೆ ಇಷ್ಟು ಹೋರಾಟವೇ ಅನ್ನಬಹುದು. ಹತ್ತು ಗಂಟೆ ನಿಂತವನಿಗೆ ಸ್ಟೂಲಿನ ಬೆಲೆ ಗೊತ್ತು.

ಹಾಗೆಯೇ ನಾವೂ ಕೇಳಬೇಕು. ಗಿರಾಕಿ ಕೈ ಎತ್ತಿದರೆ, ಜಾತಿ ಎತ್ತಿದರೆ ಸೂಪರ್‌ವೈಸರ್ ಬಂದು ನಮ್ಮ ಪಕ್ಕ ನಿಲ್ಲಬೇಕು. ಅದಕ್ಕಾಗಿ ಕೂಲಿ ಹಿಡಿಯಕೂಡದು. ಕೂರಲು ಸ್ಟೂಲು ಬೇಕು. ಒಬ್ಬನೇ ಹೋಗಿ ಕೇಳಿದರೆ 'ನಾಳೆಯಿಂದ ಬರಬೇಡ' ಅಂತಾನೆ. ಅಂಗಡಿಯ ಆರು ಜನವೂ ಸೇರಿ, ದೀಪಾವಳಿಗೆ ಒಂದು ವಾರ ಮುಂಚೆ ಹೋಗಿ ಕೇಳಿ. ಆಗ ಏನಂತಾನೆ ನೋಡೋಣ.