ಗಲ್ಲಿಗೆ ಗಡುವು, ಸತ್ಯಕ್ಕೆ ಗಡುವಿಲ್ಲ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಸೆಕ್ಷನ್ ಮರಣದಂಡನೆಯನ್ನು ಚುರುಕುಗೊಳಿಸಿದೆ, ನ್ಯಾಯವನ್ನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸೆಕ್ಷನ್ ಪ್ರಕಾರ, ಸುಪ್ರೀಂ ಕೋರ್ಟ್‌ನಲ್ಲಿ ಮೇಲ್ಮನವಿ ವಜಾ ಆದದ್ದನ್ನು ಜೈಲು ಸೂಪರಿಂಟೆಂಡೆಂಟ್ ತಿಳಿಸಿದ 30 ದಿನಗಳೊಳಗೆ ಕ್ಷಮಾದಾನ ಅರ್ಜಿ ಹಾಕಬೇಕು. ರಾಷ್ಟ್ರಪತಿಯವರ ತೀರ್ಮಾನವನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ. ನಿರ್ಭಯಾ ಪ್ರಕರಣದ ಅಪರಾಧಿಗಳು ಒಬ್ಬರಾದ ಮೇಲೆ ಒಬ್ಬರು ಅರ್ಜಿ ಹಾಕಿ 2020ರ ಮಾರ್ಚ್‌ವರೆಗೆ ಶಿಕ್ಷೆ ಮುಂದೂಡಿಸಿದ್ದು ಎಲ್ಲರಿಗೂ ನೆನಪಿದೆ. ನಾಗಪುರ ಕೇಂದ್ರ ಕಾರಾಗೃಹದಿಂದ 2023ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಕೈದಿಯ ಪ್ರಕರಣ ಮಾತ್ರ ಈ ಚರ್ಚೆಯಲ್ಲಿ ಕೇಳಿಸುವುದೇ ಇಲ್ಲ.

ಮಹಾರಾಷ್ಟ್ರದಲ್ಲಿ ಗಲ್ಲಿನ ವ್ಯವಸ್ಥೆ ಇರುವುದು ಯೆರವಡಾ ಮತ್ತು ನಾಗಪುರದಲ್ಲಿ. 2015ರ ಜುಲೈ 30ರಂದು ಮುಂಬೈ ಸ್ಫೋಟ ಪ್ರಕರಣದ ಯಾಕೂಬ್ ಮೆಮನ್‌ನನ್ನು ಗಲ್ಲಿಗೇರಿಸಿದ್ದು ನಾಗಪುರದಲ್ಲೇ. ಪರ–ವಿರೋಧದ ವಾದಗಳು ಆ ಹೆಸರಿನಲ್ಲೇ ಸಿಕ್ಕಿಕೊಂಡಿವೆ. ತೂಕದ ಪೂರ್ವನಿದರ್ಶನ ಇರುವುದು ಅದೇ ಜೈಲಿನಿಂದ ಬಿಡುಗಡೆಯಾದ ಆ ಕೈದಿಯ ಪ್ರಕರಣದಲ್ಲಿ.

1994ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಏಳು ಮಂದಿಯ ಕೊಲೆಯಾಯಿತು. ಸತ್ತವರಲ್ಲಿ ಗರ್ಭಿಣಿಯೂ ಮಕ್ಕಳೂ ಇದ್ದರು. ರಾಜಸ್ಥಾನ ಮೂಲದ ಆರೋಪಿಯ ವಯಸ್ಸು ಪೊಲೀಸ್ ಕಾಗದಗಳಲ್ಲಿ ಸುಮಾರು 20 ಎಂದು ದಾಖಲಾಯಿತು. 1998ರಲ್ಲಿ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು, 1999ರಲ್ಲಿ ಬಾಂಬೆ ಹೈಕೋರ್ಟ್, 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು. ಮರುಪರಿಶೀಲನಾ ಅರ್ಜಿಯೂ ಬಿದ್ದುಹೋಯಿತು. ಕೃತ್ಯ ನಡೆದಾಗ ತಾನು ಬಾಲಕ ಎಂಬ ಅರ್ಜಿ ಸುಪ್ರೀಂ ಕೋರ್ಟ್‌ಗೆ ಬಂದದ್ದು 2018ರಲ್ಲಿ. ತನಿಖೆಯಲ್ಲಿ ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕ ಸಿಕ್ಕಿತು. ಅದರ ಪ್ರಕಾರ ಆಗ ಅವನಿಗೆ ಹನ್ನೆರಡೂವರೆ ವರ್ಷ. ಬಾಲಕನಿಗೆ ಗಲ್ಲು ಸಲ್ಲದು. ಬಾಲನ್ಯಾಯ ಕಾಯ್ದೆ ಅವನಿಗೆ ವಿಧಿಸಬಹುದಾಗಿದ್ದುದು ಗರಿಷ್ಠ ಮೂರು ವರ್ಷ. ಅವನು ಕಳೆದದ್ದು 28 ವರ್ಷ.

ಇಲ್ಲಿ ಗಮನಿಸಬೇಕಾದ ಸಂಖ್ಯೆ 18. ಸರ್ವೋಚ್ಚ ನ್ಯಾಯಾಲಯ ಗಲ್ಲನ್ನು ಖಾಯಂ ಮಾಡಿದ ಮೇಲೆ ಅದೇ ನ್ಯಾಯಾಲಯದ ಮುಂದೆ ವಯಸ್ಸಿನ ಪ್ರಶ್ನೆ ಬರಲು ಹಿಡಿದ ವರ್ಷಗಳು ಅಷ್ಟು. ಪ್ರಕರಣ ಮುಗಿದ ಮೇಲೂ ಈ ಪ್ರಶ್ನೆ ಎತ್ತಬಹುದೆಂದು ಬಾಲನ್ಯಾಯ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಆದರೆ ಅದನ್ನು ಎತ್ತಲು ಕೈದಿ ಬದುಕಿರಬೇಕು. ಇವನನ್ನು ಉಳಿಸಿದ್ದು ಮೂರು ಹಂತದ ನ್ಯಾಯಾಲಯಗಳ ಎಚ್ಚರವಲ್ಲ, ಶಿಕ್ಷೆ ಜಾರಿಯಲ್ಲಿನ ವಿಳಂಬ. 472ನೇ ಸೆಕ್ಷನ್ ಅಳಿಸಲು ಹೊರಟಿರುವುದು ಆ ವಿಳಂಬವನ್ನೇ.

ಸತ್ಯ ತಡವಾಗಿ ತಿಳಿದರೆ ಏನಾಗುತ್ತದೆಂಬುದಕ್ಕೆ ಒಂದು ಕಥೆಯಿದೆ. ಸ್ಟೀಫನ್ ಕಿಂಗ್ 1996ರಲ್ಲಿ ಬರೆದ ‘ದಿ ಗ್ರೀನ್ ಮೈಲ್’ ಕಾದಂಬರಿಯಲ್ಲಿ ಮರಣದಂಡನೆಗೆ ಕಾದಿರುವ ಜಾನ್ ಕಾಫಿ ಎಂಬ ಕೈದಿಗೆ ಸ್ಪರ್ಶದಿಂದಲೇ ರೋಗ ನೀಗಿಸುವ ಶಕ್ತಿಯಿದೆ. ಆ ಪವಾಡವನ್ನು ಕಂಡ ಮೇಲೆ ಅವನು ನಿರಪರಾಧಿ ಎಂಬುದು ಜೈಲು ಸಿಬ್ಬಂದಿಗೆ ಮನದಟ್ಟಾಗುತ್ತದೆ. ತಿಳಿದ ಮೇಲೂ ಅವರೇ ಅವನನ್ನು ವಿದ್ಯುತ್ ಕುರ್ಚಿಗೆ ಕೂರಿಸುತ್ತಾರೆ. ಆ ಸತ್ಯವನ್ನು ಸಾಕ್ಷ್ಯವಾಗಿ ಒಪ್ಪಿಸುವ ಜಾಗವೇ ಅವರಿಗಿಲ್ಲ. ಒಳಿತು–ಕೆಡುಕು ಯಾವುದೆಂಬ ಗೊಂದಲ ಅಲ್ಲಿ ಯಾರಿಗೂ ಉಳಿದಿರುವುದಿಲ್ಲ. ತಡವಾಗಿ ತಿಳಿದ ಸತ್ಯಕ್ಕೆ ವ್ಯವಸ್ಥೆಯಲ್ಲಿ ಬಾಗಿಲಿಲ್ಲ ಎಂಬುದೇ ಅಲ್ಲಿನ ದುರಂತ. ನಾಗಪುರದ ಕೈದಿಗೆ ಪವಾಡ ಬೇಕಾಗಲಿಲ್ಲ, ಶಾಲೆಯ ಒಂದು ಪುಸ್ತಕ ಸಾಕಾಯಿತು. ಅದು ಸಿಗಲು ಕಾಲ ಬೇಕಾಯಿತು.

ಇದೊಂದೇ ಅಪವಾದವೆಂದು ತಳ್ಳಿಹಾಕುವಂತಿಲ್ಲ. ದೆಹಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ವರದಿ 2000ದಿಂದ 2015ರವರೆಗಿನ ಗಲ್ಲುಶಿಕ್ಷೆಗಳನ್ನು ಪರಿಶೀಲಿಸಿತು. ಮೇಲ್ಮನವಿಗಳು ಮುಗಿದ ಮೇಲೆ ಗಲ್ಲು ಉಳಿದದ್ದು ಶೇ 5ಕ್ಕೂ ಕಡಿಮೆ ಮಂದಿಗೆ, ಖುಲಾಸೆಯಾದವರು ಸುಮಾರು ಶೇ 30. ತಪ್ಪು ತೀರ್ಪುಗಳ ಆಧಾರದ ಮೇಲೆ ಗಲ್ಲಿಗೆ ಗುರಿಯಾದ 13 ಮಂದಿಯ ಶಿಕ್ಷೆ ಇಳಿಸುವಂತೆ 2012ರಲ್ಲಿ 14 ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಯವರನ್ನು ಕೋರಿದರು. ಅಂಥದೇ ತಪ್ಪಿಗೆ ಒಳಗಾದ ಇಬ್ಬರನ್ನು ಅಷ್ಟರಲ್ಲಾಗಲೇ ಗಲ್ಲಿಗೇರಿಸಲಾಗಿತ್ತು.

ವಿಳಂಬ ಕ್ರೌರ್ಯ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೊಲೆಯಾದವರ ಕುಟುಂಬ ದಶಕಗಳ ಕಾಲ ಕಾಯುವುದು ಅನ್ಯಾಯ. ಸಾವನ್ನು ಎದುರು ನೋಡುವ ಕೈದಿಯ ಯಾತನೆಯನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಿ, 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಬೇಗ ಗಲ್ಲಿಗೇರಿಸಿದರೆ ತಪ್ಪು ತಿದ್ದುವ ಅವಕಾಶ ಹೋಗುತ್ತದೆ, ತಡಮಾಡಿದರೆ ಯಾತನೆ ಬೆಳೆಯುತ್ತದೆ. ಮರಣದಂಡನೆ ಇರುವಷ್ಟು ಕಾಲ ಇವೆರಡರಿಂದಲೂ ಬಿಡುಗಡೆಯಿಲ್ಲ. ಜೀವಾವಧಿ ಶಿಕ್ಷೆ ಸಮಾಜವನ್ನು ಕಾಯುತ್ತದೆ, ತೀರ್ಪು ತಿದ್ದುವ ದಾರಿಯನ್ನೂ ಉಳಿಸುತ್ತದೆ. ಸಂಸತ್ತು ತೆಗೆದುಹಾಕಬೇಕಾದದ್ದು ಮರಣದಂಡನೆಯನ್ನು. ಅಲ್ಲಿಯವರೆಗೆ, ಕನಿಷ್ಠಪಕ್ಷ ಈ 30 ದಿನಗಳ ಗಡುವನ್ನಾದರೂ.